ಮರಳಿನ ಮೇಲಿನ ಗೆರೆ

ಆಕಾಶದಿಂದ ನೋಡಿದರೆ ನೆಲದೊಳಗಿನ ಎಣ್ಣೆ ಕಾಣುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ 'ಉಪಗ್ರಹದಿಂದ ತೈಲ ಪತ್ತೆ' ಎಂಬ ತಲೆಬರಹವನ್ನು ಎಲ್ಲಿಯೋ ಓದಿದ ಸಂಘದ ಗೆಳೆಯರು ನಮ್ಮನ್ನು ತಡೆದು ನಿಲ್ಲಿಸಿ ಮೊದಲು ಕೇಳುವುದೇ ಅದನ್ನು. ಉಪಗ್ರಹಕ್ಕೆ ಕಾಣುವುದು ಭೂಮಿಯ ತೊಗಲು ಮಾತ್ರ. ಹಿಂದೆ ನಮ್ಮ ಊರುಗಳಲ್ಲಿ ನಾಲಗೆ ನೋಡಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರಿನ ಬಣ್ಣ ನೋಡಿ ಹೊಟ್ಟೆಯೊಳಗಿನ ರೋಗ ಹೇಳುವ ಪಂಡಿತರಿದ್ದರಲ್ಲವೆ? ನಮ್ಮ ಕಸಬು ಅವರದಕ್ಕೆ ಹತ್ತಿರ. ಪಂಡಿತರ ಮಾತು ಕೆಲವು ಸಲ ನಿಜವಾಗುತ್ತಿತ್ತು.

ನಾವೆಂದರೆ ಮೂವರು. ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಉಡುಪಿಯವರು, ಒಬ್ಬರು ಹಾಸನದವರು. ಹೈದರಾಬಾದಿಗೆ ಬೇರೆ ಬೇರೆ ವರ್ಷ ಬಂದು ಒಂದೇ ಕಚೇರಿಯ ಒಂದೇ ಕೋಣೆಯಲ್ಲಿ ಉಪಗ್ರಹ ಚಿತ್ರಗಳನ್ನು ಓದುತ್ತ ಕನ್ನಡಕದ ನಂಬರು ಹೆಚ್ಚಿಸಿಕೊಂಡವರು. ಈಗ ಮೂವರೂ ನಿವೃತ್ತರು. ಲೇಖನವನ್ನು ಕೂಡಿಯೇ ಬರೆದಿದ್ದೇವೆ. ಕೆಲವು ವಾಕ್ಯಗಳ ಬಗ್ಗೆ ನಮ್ಮೊಳಗೇ ಜಗಳ ಇನ್ನೂ ಮುಗಿದಿಲ್ಲ.

ಕಲ್ಲೆಣ್ಣೆ ಎಂದರೆ ನೆಲದಡಿ ಇರುವ ಕೆರೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಮರಳುಗಲ್ಲಿನ ಅಥವಾ ಸುಣ್ಣಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ, ಸ್ಪಂಜಿನಲ್ಲಿ ನೀರು ಇರುವಂತೆ, ತುಂಬಿಕೊಂಡಿರುತ್ತದೆ. ನೀರಿಗಿಂತ ಹಗುರವಾದ್ದರಿಂದ ಮೇಲೇರುತ್ತ ಹೋಗುತ್ತದೆ. ಏರುವ ದಾರಿಯಲ್ಲಿ ಎಲ್ಲಾದರೂ ಜೇಡಿಕಲ್ಲಿನಂಥ ಬಿಗಿಯಾದ ಪದರವೊಂದು ಬೋರಲು ಹಾಕಿದ ಬಾಣಲೆಯ ಹಾಗೆ ಬಾಗಿದ್ದರೆ ಅದರ ಕೆಳಗೆ ಸಿಕ್ಕಿಬೀಳುತ್ತದೆ. ಎಣ್ಣೆ ಹುಡುಕುವುದೆಂದರೆ ಈ ಬಾಣಲೆಗಳನ್ನು ಹುಡುಕುವುದು. ಬಾಣಲೆ ಸಿಕ್ಕಿತೆಂದ ಮಾತ್ರಕ್ಕೆ ಅದರಡಿ ಎಣ್ಣೆ ಇದ್ದೇ ಇರಬೇಕೆಂದಿಲ್ಲ. ಬಾವಿ ಕೊರೆದ ಮೇಲೆಯೇ ಗೊತ್ತು. ಒಂದೊಂದು ಬಾವಿಗೂ ಕೋಟಿಗಟ್ಟಲೆ ಹಣ. ಆದ್ದರಿಂದ ಸಾವಿರಾರು ಚದರ ಮೈಲಿ ಮರಳಿನಲ್ಲಿ ಎಲ್ಲಿ ಕೊರೆಯಬಾರದು ಎಂದು ಹೇಳಬಲ್ಲವನಿಗೂ ಬೆಲೆಯುಂಟು. ನಮ್ಮ ಅನ್ನ ಹುಟ್ಟಿದ್ದು ಬಹುಮಟ್ಟಿಗೆ ಈ 'ಬಾರದು' ಎಂಬುದರಿಂದ.

ಮರುಭೂಮಿಯಲ್ಲಿ ಮೇಲಿನಿಂದ ನೋಡಿ ಹುಡುಕುವ ಪದ್ಧತಿ ಉಪಗ್ರಹಕ್ಕಿಂತ ಹಳೆಯದು. ಬಹರೈನ್ ದ್ವೀಪದಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿಂದ ಸಮುದ್ರದಾಚೆ ನೋಡಿದರೆ ಅರೇಬಿಯಾದ ದಡದಲ್ಲಿ ಅಂಥವೇ ಗುಡ್ಡಗಳ ಉಬ್ಬು ಕಾಣುತ್ತಿತ್ತು. 1934ರಲ್ಲಿ ಅಮೆರಿಕದ ಕಂಪನಿಯವರು ಫೇರ್‌ಚೈಲ್ಡ್ 71 ಎಂಬ ಒಂಟಿ ಎಂಜಿನ್ನಿನ ವಿಮಾನವೊಂದನ್ನು ಅಲ್ಲಿಗೆ ತಂದರು. ಮರಳಿನ ಮೇಲೆ ಇಳಿಯಲೆಂದು ದಪ್ಪ ಟೈರುಗಳು, ಕೆಮರಾ ಇಳಿಬಿಡಲು ತಳದಲ್ಲಿ ಒಂದು ಕಂಡಿ. ಹೊಲ ಉಳುವ ಸಾಲಿನ ಹಾಗೆ ಹಾರುತ್ತ ಚಿತ್ರ ತೆಗೆದು, ಡೇರೆಯಲ್ಲಿಯೇ ಫಿಲ್ಮು ತೊಳೆದು, ನಕ್ಷೆ ಬರೆಯುತ್ತಿದ್ದರು. ದಮ್ಮಾಮಿನಲ್ಲಿ ಕೊರೆದ ಮೊದಲ ಆರು ಬಾವಿಗಳು ನಿರಾಸೆ ತಂದವು. ಏಳನೆಯದು 1938ರ ಮಾರ್ಚಿನಲ್ಲಿ, ಸುಮಾರು 1,440 ಮೀಟರು ಆಳದಲ್ಲಿ ಚಿಮ್ಮಿತು. ಇಷ್ಟು ಕಥೆ ಎಲ್ಲರಿಗೂ ಗೊತ್ತಿರುವಂಥದು.

ನಮಗೆ ಹೆಚ್ಚು ಪ್ರಿಯವಾದ ಕಥೆ ಇನ್ನೊಂದಿದೆ. ಪೂರ್ವ ಅರೇಬಿಯಾದಲ್ಲಿ ವಾದಿ ಸಹಬಾ ಎಂಬ ಬತ್ತಿದ ದೊಡ್ಡ ಹಳ್ಳವಿದೆ. ಪಶ್ಚಿಮದಿಂದ ಪೂರ್ವಕ್ಕೆ ನೆಟ್ಟಗೆ ಬರುವ ಈ ಹಳ್ಳ ಹರದ್ ಎಂಬಲ್ಲಿ ಕಾರಣವೇ ಇಲ್ಲದಂತೆ ತಟಕ್ಕನೆ ತಿರುಗುತ್ತದೆ. 1940ರ ಸುಮಾರಿಗೆ ನಕ್ಷೆ ಬರೆಯುತ್ತಿದ್ದ ಕಂಪನಿಯ ಭೂವಿಜ್ಞಾನಿಗಳಿಗೆ ಈ ತಿರುವು ಕಣ್ಣಿಗೆ ಬಿತ್ತು. ಹಳ್ಳ ಸುಮ್ಮನೆ ತಿರುಗುವುದಿಲ್ಲ, ಅದನ್ನು ಏನೋ ತಳ್ಳಿರಬೇಕು. ಮ್ಯಾಕ್ಸ್ ಸ್ಟೈನಿಕಿ ಮುಖ್ಯಸ್ಥನಾಗಿದ್ದ ಆ ತಂಡ, ನೆಲ ನಿಧಾನವಾಗಿ ಉಬ್ಬುತ್ತಿದ್ದುದರಿಂದ ನೀರು ಪಕ್ಕಕ್ಕೆ ಸರಿಯಿತು ಎಂಬ ಊಹೆಯ ಬೆನ್ನು ಹತ್ತಿತು. 1948ರಲ್ಲಿ ಆ ಉಬ್ಬಿನ ಉತ್ತರದ ತುದಿಯಲ್ಲಿ ಎಣ್ಣೆ ಸಿಕ್ಕಿತು. ಅದೇ ಘವಾರ್, ಸುಮಾರು 280 ಕಿಲೋಮೀಟರು ಉದ್ದದ, ಜಗತ್ತಿನ ಅತಿ ದೊಡ್ಡ ತೈಲ ನಿಕ್ಷೇಪ. ನಮ್ಮ ಮುಂಬಯಿ, ಮಂಗಳೂರು ಕಡೆಯ ಎಷ್ಟೋ ಮನೆಗಳಿಗೆ ತಿಂಗಳು ತಿಂಗಳು ಬಂದ ಡ್ರಾಫ್ಟಿನ ಹಣದ ಮೂಲವನ್ನು ಹುಡುಕುತ್ತ ಹೋದರೆ, ಒಂದು ಒಣಹಳ್ಳದ ತಿರುವಿನ ಹತ್ತಿರಕ್ಕೆ ಹೋಗಿ ನಿಲ್ಲಬೇಕಾದೀತು.

ಉಪಗ್ರಹ ಬಂದ ಮೇಲೆ ಆದದ್ದೇನೆಂದರೆ, ಇಂಥ ಹಳ್ಳಗಳನ್ನು ಒಂದೇ ಹಾಳೆಯಲ್ಲಿ ನೋಡುವುದು ಸಾಧ್ಯವಾಯಿತು. 1972ರ ಜುಲೈಯಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಹಾರಿತು. ಅದರ ಒಂದು ಚಿತ್ರದಲ್ಲಿ 185 ಕಿಲೋಮೀಟರು ಅಗಲದ ನೆಲ ಅಡಗುತ್ತಿತ್ತು. ಮರುಭೂಮಿ ಅದಕ್ಕೆ ಹೇಳಿಮಾಡಿಸಿದ ಜಾಗ. ಮೋಡವಿಲ್ಲ, ಕಾಡಿಲ್ಲ, ಗದ್ದೆಯಿಲ್ಲ. ಕಲ್ಲು ಬರಿಮೈಯಲ್ಲಿ ಮಲಗಿರುತ್ತದೆ. ನಮ್ಮ ಸಹ್ಯಾದ್ರಿಯ ಚಿತ್ರ ಕೊಟ್ಟು ಕಲ್ಲಿನ ಜಾತಿ ಹೇಳಿ ಎಂದರೆ ನಾವು ಹಲಸಿನ ಮರ ತೋರಿಸಬಹುದಷ್ಟೆ.

ಬಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಎಷ್ಟೇ ಬಿಗಿಯಾಗಿ ಬಟ್ಟೆ ಕಟ್ಟಿದರೂ ಕೆಲವು ದಿನಗಳಲ್ಲಿ ಬಟ್ಟೆಯ ಮೇಲೆ ಎಣ್ಣೆಯ ಕಲೆ ಮೂಡುವುದನ್ನು ಮನೆಯವರೆಲ್ಲ ಬಲ್ಲರು. ನೆಲದೊಳಗಿನ ಬಾಣಲೆಯೂ ಹಾಗೆಯೇ, ಪೂರ್ತಿ ಬಿಗಿಯಲ್ಲ. ಲಕ್ಷಗಟ್ಟಲೆ ವರ್ಷಗಳಲ್ಲಿ ಅನಿಲವೂ ಎಣ್ಣೆಯ ಹಗುರವಾದ ಭಾಗವೂ ಜಿನುಗಿ ಮೇಲೆ ಬರುತ್ತವೆ. ದಾರಿಯಲ್ಲಿ ಕಲ್ಲಿನ ರಸಾಯನವನ್ನು ಕೆಡಿಸುತ್ತವೆ. ಕಬ್ಬಿಣದ ತುಕ್ಕಿನಿಂದ ಕೆಂಪಾಗಿದ್ದ ಮರಳುಗಲ್ಲು ಬಿಳಿಚಿಕೊಳ್ಳುತ್ತದೆ, ಕೆಲವು ಖನಿಜಗಳು ಜೇಡಿಯಾಗಿ ಮಾರ್ಪಡುತ್ತವೆ. ಅಮೆರಿಕದ ಯೂಟಾ ಪ್ರಾಂತದ ಲಿಸ್ಬನ್ ಕಣಿವೆಯಲ್ಲಿ ಹೀಗೆ ಬಿಳಿಚಿದ ಕೆಂಪುಗಲ್ಲನ್ನು ಉಪಗ್ರಹದ ಅಂಕಿಗಳಲ್ಲಿ ಗುರುತಿಸಿದ್ದು ಈ ವಿದ್ಯೆಯ ಹೆಸರಾಂತ ಉದಾಹರಣೆ. ಜೇಡಿಯ ಗುಣವೆಂದರೆ, ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ 2.2 ಮೈಕ್ರಾನಿನ ಸುತ್ತಮುತ್ತ ಅದು ಬೆಳಕನ್ನು ನುಂಗಿ ಕಪ್ಪಾಗಿ ಕಾಣುತ್ತದೆ. 1982ರ ಲ್ಯಾಂಡ್‌ಸ್ಯಾಟ್ 4ರಲ್ಲಿ ಈ ಬೆಳಕಿಗೊಂದು ಕಣ್ಣು ಇಟ್ಟರು. ಯೋಜನೆ ಆಗಲೇ ಸಿದ್ಧವಾಗಿದ್ದಾಗ ಭೂವಿಜ್ಞಾನಿಗಳು ಹಟ ಹಿಡಿದು ಸೇರಿಸಿದ್ದರಿಂದ ಅದಕ್ಕೆ ಏಳನೆಯ ನಂಬರು ಬಂತು. ತರಂಗದ ಲೆಕ್ಕದಲ್ಲಿ ಆರನೆಯದಕ್ಕಿಂತ ಮೊದಲು ನಿಲ್ಲಬೇಕಾದದ್ದು ಪಂಕ್ತಿಯ ಕೊನೆಯಲ್ಲಿ ಹೋಗಿ ಕೂತಿತು. ತಡವಾಗಿ ಬಂದ ಬೀಗರಿಗೆ ಎಲೆ ಹಾಕಿದ ಹಾಗೆ.

ಈ ಬಣ್ಣದ ವಿದ್ಯೆಯ ಮೇಲೆ ನಮ್ಮ ಹಾಸನದವರಿಗೆ ಅಪಾರ ನಂಬಿಕೆ, ಧಾರವಾಡದವರಿಗೆ ಅಷ್ಟೇ ಅನುಮಾನ. ಬಿಳಿಚಿದ ಕಲ್ಲಿನ ಕೆಳಗೆಲ್ಲ ಎಣ್ಣೆ ಇರುವುದಿಲ್ಲ; ಎಣ್ಣೆ ಇದ್ದಲ್ಲೆಲ್ಲ ಕಲ್ಲು ಬಿಳಿಚುವುದಿಲ್ಲ; ಜಿನುಗಿದ್ದು ಬಿರುಕು ಹಿಡಿದು ಓರೆಯಾಗಿ ಬಂದಿದ್ದರೆ ಕಲೆ ಒಂದು ಕಡೆ, ಜಾಡಿ ಇನ್ನೊಂದು ಕಡೆ. ಇದರ ಮೇಲೆ ಗಾಳಿ ತಂದು ಹರಡಿದ ಮರಳು. ಒಂದು ಗೇಣು ಮರಳು ಮುಚ್ಚಿದರೂ ಸಾಕು, ಬಣ್ಣದ ವಿದ್ಯೆ ಕುರುಡು. ಹಳ್ಳದ ತಿರುವು, ಪದರದ ಬಾಗು, ಬಿರುಕಿನ ಗೆರೆ, ಇವನ್ನು ನಂಬಬಹುದು. ಬಣ್ಣವನ್ನು ಸಾಕ್ಷಿಯಾಗಿ ಕರೆಯಬಹುದು, ತೀರ್ಪು ಅದರಿಂದ ಬರೆಯಿಸಬಾರದು. ಇಷ್ಟಕ್ಕೆ ಮೂವರೂ ಸಹಿ ಹಾಕುತ್ತೇವೆ.

ನಮ್ಮ ದೇಶದ ಸ್ವಂತ ದೂರಸಂವೇದಿ ಉಪಗ್ರಹ ಐಆರ್‌ಎಸ್–1ಎ ಹಾರಿದ್ದು 1988ರ ಮಾರ್ಚ್ 17ರಂದು, ಸೋವಿಯತ್ ದೇಶದ ಬೈಕನೂರಿನಿಂದ. ಕಟ್ಟಿದ್ದು ಬೆಂಗಳೂರಿನಲ್ಲಿ. ಆಗ ಇಸ್ರೋದ ಅಧ್ಯಕ್ಷರು ಯು. ಆರ್. ರಾವ್, ಉಡುಪಿ ಹತ್ತಿರದ ಅದಮಾರಿನವರು. ಆ ತಿಂಗಳು ನಮ್ಮ ಉಡುಪಿ ಮಿತ್ರರು ನೆಲದ ಮೇಲೆ ನಡೆಯುತ್ತಿರಲಿಲ್ಲ ಎಂದು ಉಳಿದಿಬ್ಬರ ಸಾಕ್ಷ್ಯ. ಅದರ ಒಂದು ಕೆಮರಾ 72 ಮೀಟರಿನಷ್ಟು, ಇನ್ನೊಂದು 36 ಮೀಟರಿನಷ್ಟು ಚಿಕ್ಕದನ್ನು ಬಿಡಿಸಿ ತೋರಿಸುತ್ತಿತ್ತು. ಈಗಿನ ಮಕ್ಕಳು ಕೈಯ ಫೋನಿನಲ್ಲಿ ತಮ್ಮ ಮನೆಯ ತಾರಸಿ ನೋಡುತ್ತಾರೆ. ಆಗ 36 ಮೀಟರು ಎಂದರೆ ನಮಗೆ ಹಬ್ಬ. ಕಾಗದದ ಮೇಲಿನ ಚಿತ್ರವನ್ನು ಬೆಳಕಿನ ಮೇಜಿನ ಮೇಲೆ ಹಾಸಿ, ಮೇಲೆ ಟ್ರೇಸಿಂಗ್ ಹಾಳೆ ಹಾಕಿ, ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆಯುವುದು ಕೆಲಸ. ಆ ಚಿತ್ರಗಳಲ್ಲಿ ಹಸಿರು ಗಿಡವೆಲ್ಲ ಕೆಂಪಾಗಿ ಕಾಣುತ್ತದೆ. ಹೊಸಬರಿಗೆ ಇದೊಂದೇ ಅಭ್ಯಾಸವಾಗಲು ವಾರ ಬೇಕು.

ಎಳೆದ ಗೆರೆಯನ್ನು ನೆಲದ ಮೇಲೆ ಹೋಗಿ ನೋಡದೆ ಯಾರಿಗೂ ಕೊಡಬಾರದು ಎಂಬುದು ನಿಯಮ. ಹಾಗೆ 1990ರ ಜನವರಿಯಲ್ಲಿ ನಾವು ಮೂವರೂ ಜೈಸಲ್ಮೇರಿನ ಪಶ್ಚಿಮಕ್ಕೆ ಡೇರೆ ಹಾಕಿದ್ದೆವು. ಅಲ್ಲಿಯ ಮರಳಿನಡಿ ಅನಿಲವಿರುವುದು ಅದಕ್ಕೆ ಮೊದಲೇ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಎಣ್ಣೆ. ಬೆಳಗಿನ ಚಳಿಗೆ ಜೀಪು ಕೆಮ್ಮುತ್ತಿತ್ತು. ಊಟಕ್ಕೆ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ. ಧಾರವಾಡದವರು ಊರಿಗೆ ಬಂದಷ್ಟು ಸುಖವಾಗಿದ್ದರು, ಉಡುಪಿಯವರು ಅನ್ನ ಅನ್ನ ಎಂದು ಕನವರಿಸುತ್ತಿದ್ದರು.

ನಮ್ಮ ಹಾಳೆಯಲ್ಲಿ ಈಶಾನ್ಯದಿಂದ ನೈರುತ್ಯಕ್ಕೆ ಒಂದು ಉದ್ದ ಗೆರೆ ಇತ್ತು. ಅದರ ಗುಂಟ ಅಲ್ಲಲ್ಲಿ ಸಣ್ಣ ಕೆಂಪು ಚುಕ್ಕೆಗಳು, ಒಂದು ಕಡೆ ಬೆಳ್ಳಗಿನ ದೊಡ್ಡ ತೇಪೆ, ಅದರ ಪಕ್ಕದಲ್ಲಿ ಚೌಕವಾದ ಗಾಢ ಕೆಂಪು. ಪುಸ್ತಕ ಓದಿದವನ ಬಾಯಲ್ಲಿ ನೀರೂರಿಸುವ ಚಿತ್ರ. ಬಿರುಕು, ಬಿಳಿಚಿದ ನೆಲ, ಗಿಡಗಳ ವಿಚಿತ್ರ, ಮೂರೂ ಒಂದೇ ಕಡೆ. ಮೂರು ದಿನ ಆ ಗೆರೆಯ ಮೇಲೆ ನಡೆದೆವು. ಬೆಳ್ಳಗಿನದು ಮಳೆನೀರು ನಿಂತು ಆರಿ ಉಪ್ಪು ಕಟ್ಟಿದ ತಗ್ಗು. ಅಲ್ಲಿ ಅದನ್ನು ರಣ್ ಎನ್ನುತ್ತಾರೆ. ಚೌಕವಾದ ಕೆಂಪು ಒಂದು ಖಡೀನ್. ಖಡೀನ್ ಎಂದರೆ ಕಲ್ಲುಗುಡ್ಡದಿಂದ ಹರಿದ ಮಳೆನೀರನ್ನು ಉದ್ದನೆಯ ಮಣ್ಣಿನ ಏರಿಯಿಂದ ತಡೆದು, ನೀರು ಇಂಗಿದ ಮೇಲೆ ಆ ತೇವದಲ್ಲಿಯೇ ಗೋದಿ, ಕಡಲೆ ಬಿತ್ತುವ ಹೊಲ. ಸುಮಾರು ಐದು ಶತಮಾನಗಳ ಹಿಂದೆ ಪಾಲೀವಾಲ ಬ್ರಾಹ್ಮಣರು ರೂಢಿಗೆ ತಂದದ್ದು. ವರ್ಷಕ್ಕೆ ಹತ್ತು ಅಂಗುಲವೂ ಮಳೆ ಬೀಳದ ನೆಲದಲ್ಲಿ ಮೊಣಕಾಲೆತ್ತರದ ಕಡಲೆ ಗಿಡ ನೋಡಿ ಹಾಸನದವರು ಅಲ್ಲಿಯೇ ಕುಳಿತುಬಿಟ್ಟರು. ಕೆರೆ ಏರಿ ನೋಡಿ ಬೆಳೆದವರಲ್ಲವೆ.

ಉಳಿದದ್ದು ಗೆರೆ. ಅದರ ಗುಂಟ ಇದ್ದ ಕೆಂಪು ಚುಕ್ಕೆಗಳು ಖೇಜಡಿ ಮರಗಳು, ನಮ್ಮ ಬನ್ನಿಯ ಮರವೇ. ನಮ್ಮ ಸಾಮಾನು ಹೊತ್ತು ಬರುತ್ತಿದ್ದ ಒಂಟೆಯ ಒಡೆಯ ಎಪ್ಪತ್ತು ದಾಟಿದ ಹಿರಿಯ. ನಾವು ಕಾಕಾ ಎನ್ನುತ್ತಿದ್ದೆವು. ಹಾಳೆಯ ಮೇಲಿನ ಗೆರೆಯನ್ನು ಬೆರಳಿನಿಂದ ತೋರಿಸಿದಾಗ ಆತ ಹಾಳೆ ನೋಡಲಿಲ್ಲ, ನಾವು ಬಂದ ದಿಕ್ಕಿಗೆ ಕೈ ಮಾಡಿ ತನ್ನ ಮಾರವಾಡಿ ಬೆರೆತ ಹಿಂದಿಯಲ್ಲಿ ಹೇಳಿದ: "ಈ ಸಾಲಿನ ಮೇಲೆಯೇ ನಮ್ಮ ಬಾವಿಗಳಿರುವುದು, ಸಾಹೇಬ್. ಸಾಲು ಬಿಟ್ಟು ತೋಡಿದರೆ ನೀರು ಉಪ್ಪು. ನಮ್ಮ ಅಜ್ಜನ ಅಜ್ಜನಿಗೂ ಗೊತ್ತಿತ್ತು." ಬಾವಿಗಳನ್ನು ಎಣಿಸಿದೆವು. ಗೆರೆಯ ಮೇಲೆ ಮೂರು, ಮೂರರಲ್ಲೂ ಸಿಹಿ ನೀರು. ಬಿರುಕಿನಲ್ಲಿ ಮಳೆನೀರು ಇಳಿದು ನಿಲ್ಲುತ್ತದೆ ಎಂಬುದು ಭೂವಿಜ್ಞಾನದ ಮೊದಲ ಪಾಠಗಳಲ್ಲೊಂದು. ಆತ ಅದನ್ನು ಹಗ್ಗದ ಉದ್ದದಲ್ಲಿ ಕಲಿತಿದ್ದ.

ಆತ ಕೊನೆಗೆ ಕೇಳಿದ್ದು ಒಂದೇ. "ಎಣ್ಣೆ ಸಿಕ್ಕರೆ ನೀವು ತೆಗೆದುಕೊಂಡು ಹೋಗುತ್ತೀರಿ. ಕೊರೆಯುವಾಗ ನೀರು ಸಿಕ್ಕರೆ ನಮಗೆ ಹೇಳುತ್ತೀರಾ?"

ಇದಕ್ಕೆ ಉತ್ತರ ಹೇಳುವ ಅಧಿಕಾರ ನಮಗಿರಲಿಲ್ಲ. ಹೈದರಾಬಾದಿಗೆ ಮರಳಿ ವರದಿ ಬರೆಯುವಾಗ ಕೊನೆಯಲ್ಲಿ ಒಂದು ಪುಟ ಹೆಚ್ಚಿಗೆ ಸೇರಿಸಿದೆವು: ಈ ಗೆರೆ ಇಷ್ಟು ಉದ್ದ, ಇದರ ಮೇಲೆ ಸಿಹಿನೀರಿನ ಬಾವಿ ತೋಡಲು ಇಂತಿಂಥ ಜಾಗಗಳು ಯೋಗ್ಯ, ಸಂಬಂಧಪಟ್ಟ ಇಲಾಖೆಗೆ ತಿಳಿಸಬಹುದು. ವರದಿ ಅಚ್ಚಾಗಿ ಬಂದಾಗ ಆ ಪುಟ ಇರಲಿಲ್ಲ. ಕೇಳಿದರೆ, ಒಪ್ಪಂದ ಎಣ್ಣೆಗೆ ಮಾತ್ರ ಎಂದರು. ನಾವೇ ಕೈಬರಹದ ಪ್ರತಿಯೊಂದನ್ನು ಅಂಚೆಯಲ್ಲಿ ಕಳಿಸಿದೆವು. ತಲುಪಿತೆಂಬ ಕಾಗದ ಬಂತು, ಮತ್ತೇನೂ ಬರಲಿಲ್ಲ. ಜೈಸಲ್ಮೇರ್ ಜಿಲ್ಲೆಯ ಲಾಠಿ ಮರಳುಗಲ್ಲಿನಲ್ಲಿ ಒಳ್ಳೆಯ ಸಿಹಿನೀರಿದೆ, ಚಾಂದನ್ ಎಂಬಲ್ಲಿಯ ಕೊಳವೆಬಾವಿ ಹೆಸರುವಾಸಿಯಾದದ್ದು. ಆದ್ದರಿಂದ ನಾವು ಬರೆದದ್ದೇನೂ ಹೊಸ ಶೋಧವಲ್ಲ. ಆದರೂ ಆ ಪುಟದ ಮಾತು ಬಂದಾಗ ನಮ್ಮ ಮೂವರಲ್ಲಿ ಯಾರಾದರೊಬ್ಬರು ಈಗಲೂ ಎದ್ದುಹೋಗಿ ಕಾಫಿಗೆ ಇಡುತ್ತಾರೆ.

ಮರಳು ಮುಚ್ಚಿದ್ದನ್ನು ಕಾಣುವ ಕಣ್ಣೂ ಒಂದುಂಟು. 1981ರ ನವೆಂಬರಿನಲ್ಲಿ ಕೊಲಂಬಿಯಾ ಎಂಬ ಅಮೆರಿಕದ ಅಂತರಿಕ್ಷ ನೌಕೆ ಒಂದು ರೇಡಾರನ್ನು ಹೊತ್ತು ಸಹಾರಾದ ಮೇಲೆ ಹಾದುಹೋಯಿತು. ಗೇಣುದ್ದದ ಅದರ ತರಂಗಗಳು ಈಜಿಪ್ಟ್–ಸುಡಾನ್ ಗಡಿಯ ಒಣಮರಳನ್ನು ಒಂದೆರಡು ಮೀಟರು ತೂರಿಕೊಂಡು ಹೋಗಿ ಕೆಳಗಿನ ಕಲ್ಲಿಗೆ ತಾಗಿ ಮರಳಿದವು. ಚಪ್ಪಟೆ ಮರಳುಹಾಸು ಇದ್ದಲ್ಲಿ ಹೂತುಹೋದ ನದಿಗಳ ಜಾಲವೇ ಕಾಣಿಸಿತು. ಕೆಲವು ನೈಲ್ ಕಣಿವೆಯಷ್ಟು ಅಗಲ. ಮರಳು ಒಣಗಿರಬೇಕೆಂಬುದೇ ಷರತ್ತು. ಸ್ವಲ್ಪ ತೇವವಿದ್ದರೂ ರೇಡಾರು ಮೇಲಿಂದಲೇ ಹಿಂತಿರುಗುತ್ತದೆ. ನಮ್ಮ ಥಾರಿನಲ್ಲಿಯೂ ಜೋಧಪುರದ ವಿಜ್ಞಾನಿಗಳು 1979ರಲ್ಲಿಯೇ ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ಸರಸ್ವತಿಯದೆನ್ನುವ ಹಳೆಯ ಪಾತ್ರಗಳನ್ನು ಗುರುತಿಸಿದ್ದರು. ಎಣ್ಣೆಯವರಿಗೆ ಈ ಪುರಾತನ ನದಿಗಳಲ್ಲಿ ಆಸಕ್ತಿ ಏಕೆಂದರೆ ವಾದಿ ಸಹಬಾದ ಕಾರಣಕ್ಕೇ. ಅದು ಎಲ್ಲಿ ತಿರುಗಿತು, ಏಕೆ ತಿರುಗಿತು?

ಥಾರಿನಲ್ಲಿ ಎಣ್ಣೆ ಸಿಕ್ಕದೆ ಇರಲಿಲ್ಲ. ಸಿಕ್ಕಿದ್ದು ಜೈಸಲ್ಮೇರಿನ ದಕ್ಷಿಣಕ್ಕೆ, ಬಾಡಮೇರಿನಲ್ಲಿ. ಅಲ್ಲಿ ನೆಲ ಸೀಳಿ ಕುಸಿದು ಉಂಟಾದ ಉದ್ದನೆಯ ಕಂದಕವೊಂದು ಮರಳಿನಡಿ ಹೂತುಹೋಗಿದೆ. ಮೇಲೆ ನಿಂತವನಿಗೆ ಅದರ ಸುಳಿವು ಹೆಚ್ಚೇನೂ ಸಿಕ್ಕದು. ಗುರುತ್ವದ ಅಳತೆ, ಆಮೇಲೆ ಕೃತಕ ಕಂಪನದ ಅಳತೆ, ಇವೇ ಅದನ್ನು ತೋರಿಸಿದವು. ಮೊದಲು ಶೆಲ್ ಕಂಪನಿಯ ಕೈಯಲ್ಲಿದ್ದ ಆ ಪ್ರದೇಶವನ್ನು 2002ರಲ್ಲಿ ಕೇರ್ನ್ ಎಂಬ ಚಿಕ್ಕ ಕಂಪನಿ ಪೂರ್ತಿಯಾಗಿ ಕೊಂಡಿತು. 2004ರ ಜನವರಿಯಲ್ಲಿ ಮಂಗಳಾ ಸಿಕ್ಕಿತು. ಅದೇ ವರ್ಷ ಭಾಗ್ಯಂ, ಐಶ್ವರ್ಯಾ. ದೊಡ್ಡವರು ಸಾಕೆಂದು ಎದ್ದುಹೋದ ಪಂಕ್ತಿಯಲ್ಲಿ ಚಿಕ್ಕವರಿಗೆ ಹೋಳಿಗೆ ಬಡಿಸಿದಂತಾಯಿತು. 'ಮಂಗಳಾದೇವಿ ನಮ್ಮೂರ ಕಡೆಯವಳು' ಎಂದರು ಉಡುಪಿಯವರು. 2009ರ ಆಗಸ್ಟಿನಲ್ಲಿ ಉತ್ಪಾದನೆ ಆರಂಭವಾದ ಮೇಲೆ ಆ ಎಣ್ಣೆ ಹಡಗು ಹತ್ತಿ ಮಂಗಳೂರಿನ ರಿಫೈನರಿಗೂ ಹೋಯಿತು. ಮಿತ್ರರ ಮಾತು ಸುಳ್ಳಾಗಲಿಲ್ಲ.

ಹಾಗಾದರೆ ಉಪಗ್ರಹ ಮಾಡಿದ್ದೇನು ಎಂದು ಕೇಳಬಹುದು. ಮೆರವಣಿಗೆಯಲ್ಲಿ ದೀಪ ಹಿಡಿದವನ ಕೆಲಸ. ಮರುಭೂಮಿಯಲ್ಲಿ ಕಂಪನ ಕೊಟ್ಟು ಪ್ರತಿಧ್ವನಿ ಕೇಳುವುದು ಹತ್ತಿಯ ಗಾದಿಗೆ ಗುದ್ದಿದಂತೆ. ಸಡಿಲ ಮರಳು ಅರ್ಧ ಶಕ್ತಿ ತಾನೇ ನುಂಗುತ್ತದೆ. ಇನ್ನೊಂದು ಉಪದ್ರವವೆಂದರೆ, ಮರಳಿನಲ್ಲಿ ಅಲೆ ನಿಧಾನವಾಗಿ ಚಲಿಸುತ್ತದೆ. ಮೇಲೆ ಎತ್ತರದ ದಿಬ್ಬವಿದ್ದರೆ ಕೆಳಗಿನ ಪದರ ಇಲ್ಲದ ತಗ್ಗನ್ನು ತೋರಿಸುತ್ತದೆ; ಎರಡು ದಿಬ್ಬಗಳ ನಡುವೆ ಇಲ್ಲದ ಉಬ್ಬು ಏಳುತ್ತದೆ. ಇಲ್ಲದ ಬಾಣಲೆ! ಅದನ್ನು ನಂಬಿ ಬಾವಿ ಕೊರೆದವನ ಗತಿ ಏನು? ದಿಬ್ಬದ ಎತ್ತರವನ್ನು ಲೆಕ್ಕ ಹಿಡಿದು ಕಳೆಯಬೇಕು. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನಗಳಲ್ಲಿ ಭೂಮಿಯ ಒಣನೆಲದ ಶೇಕಡಾ 80ರಷ್ಟರ ಎತ್ತರವನ್ನು ರೇಡಾರಿನಿಂದ ಅಳೆದ ಮೇಲೆ ಈ ಕೆಲಸ ಹಗುರವಾಯಿತು. ಲಾರಿ ಎಲ್ಲಿ ಹೂತುಹೋಗುತ್ತದೆ, ಗಟ್ಟಿನೆಲ ಎಲ್ಲಿದೆ, ಓರಣ ಎಂದು ಊರಿನವರು ದೇವರ ಹೆಸರಿನಲ್ಲಿ ಕಾಯ್ದ ಮರಗಳ ಜಾಗ ಎಲ್ಲಿದೆ, ಅಲ್ಲಿ ಕಾಲಿಡಬಾರದು—ಇದನ್ನೆಲ್ಲ ಹೇಳುವುದು ಚಿತ್ರವೇ. ಯಾರೂ ತಲೆಬರಹದಲ್ಲಿ ಹಾಕುವ ಸುದ್ದಿಯಲ್ಲ.

ಬಾಡಮೇರಿನ ಎಣ್ಣೆಗೆ ಇನ್ನೊಂದು ಸ್ವಭಾವ. ಮೇಣ ಹೆಚ್ಚು, ಸಾಧಾರಣ ಹವೆಯಲ್ಲಿ ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಆದ್ದರಿಂದ ಗುಜರಾತಿನ ಸಮುದ್ರತೀರದವರೆಗೆ ಸುಮಾರು 670 ಕಿಲೋಮೀಟರು ಉದ್ದ ಕೊಳವೆಯನ್ನು ವಿದ್ಯುತ್ತಿನಿಂದ ಬಿಸಿಯಾಗಿಡುತ್ತಾರೆ. ಕೆಳಗಿನ ಎಣ್ಣೆಯನ್ನು ಬಾವಿಯತ್ತ ತಳ್ಳಲು ಬಿಸಿನೀರು ಬೇಕು. ಅದನ್ನು ತೆಗೆಯುವುದು ಥುಂಬಲಿ ಎಂಬಲ್ಲಿಯ ಉಪ್ಪುನೀರಿನ ಪದರದಿಂದ. ಸಿಹಿನೀರನ್ನು ಮುಟ್ಟಲಿಲ್ಲ ಎಂಬುದನ್ನು ಓದಿ ನಮಗೆ ಸಮಾಧಾನವಾಯಿತು.

ಈಚೆಗೆ ಉಪಗ್ರಹಗಳ ನೋಟ ಬೇರೆ ಕಡೆಗೂ ತಿರುಗಿದೆ. 2019ರ ಜನವರಿಯಲ್ಲಿ ಪಶ್ಚಿಮ ತುರ್ಕಮೆನಿಸ್ತಾನದಲ್ಲಿ ಕೆಸರು ಉಗುಳುವ ಗುಡ್ಡವೊಂದರ ಅನಿಲವನ್ನು ಅಳೆಯಲು ಹೋದ ಚಿಕ್ಕ ಉಪಗ್ರಹವೊಂದಕ್ಕೆ, ಪಕ್ಕದ ಕೊರ್ಪೆಜೆ ತೈಲಕ್ಷೇತ್ರದ ಕೊಳವೆಗಳಿಂದ ಮೀಥೇನ್ ಅನಿಲ ಧಾರಾಳವಾಗಿ ಸೋರುತ್ತಿದ್ದುದು ಕಂಡಿತು. ನೆಲದೊಳಗಿನದನ್ನು ಹುಡುಕುತ್ತಿದ್ದ ಕಣ್ಣಿಗೆ ಮನುಷ್ಯ ಚೆಲ್ಲಿದ್ದು ಸಿಕ್ಕಿತು.

ನೀರನ್ನೂ ಈಗ ಆಕಾಶದಿಂದ ತೂಗುತ್ತಾರೆ. 2002ರಲ್ಲಿ ಹಾರಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳಿಗೆ ಕೆಮರಾವೇ ಇರಲಿಲ್ಲ. ಒಂದರ ಹಿಂದೆ ಒಂದು ಹಾರುತ್ತ, ತಮ್ಮಿಬ್ಬರ ನಡುವಿನ ಅಂತರ ಕೂದಲೆಳೆಯಷ್ಟು ಬದಲಾದರೂ ಅಳೆದು, ಕೆಳಗಿನ ನೆಲದ ತೂಕ ಎಷ್ಟು ಕಡಿಮೆಯಾಯಿತೆಂದು ಲೆಕ್ಕ ಕೊಡುತ್ತಿದ್ದವು. ಆ ಲೆಕ್ಕ 2009ರಲ್ಲಿ ಪ್ರಕಟವಾಯಿತು: 2002ರ ಆಗಸ್ಟಿನಿಂದ 2008ರ ಅಕ್ಟೋಬರಿನವರೆಗೆ ರಾಜಸ್ಥಾನ, ಪಂಜಾಬ್, ಹರಿಯಾಣಗಳ ನೆಲದಡಿಯಿಂದ 109 ಘನ ಕಿಲೋಮೀಟರು ನೀರು ಕಾಣೆಯಾಗಿದೆ. ಕೊಳವೆಬಾವಿಗಳಿಂದ ಹೊಲಕ್ಕೆ ಎತ್ತಿದ್ದು ಅದು. ಆ ಅಂಕಿ ಓದಿದ ಸಂಜೆ ಧಾರವಾಡದವರು ಹಳೆಯ ಟ್ರಂಕಿನಿಂದ 1990ರ ಟ್ರೇಸಿಂಗ್ ಹಾಳೆ ತೆಗೆದು ತಂದರು. ಅಂಚುಗಳು ಹಳದಿಯಾಗಿವೆ. ಗೆರೆಯ ಮೇಲೆ ನೀಲಿ ಪೆನ್ಸಿಲಿನಲ್ಲಿ ಗುರುತು ಮಾಡಿದ ಮೂರು ಬಾವಿಗಳು ಸ್ಪಷ್ಟವಾಗಿ ಉಳಿದಿವೆ.